ಸೋತ ನಾಟಕಗಳ ಕಾಗದಪತ್ರಗಳನ್ನು ರದ್ದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ 27ರ ವಿಶ್ವ ರಂಗಭೂಮಿ ದಿನ ಬಂತೆಂದರೆ ಪತ್ರಿಕೆಗಳು ಕಂಪನಿ ನಾಟಕಗಳನ್ನು ನೆನೆಯುತ್ತವೆ. ಗುಬ್ಬಿ ಕಂಪನಿಯ ‘ಸದಾರಮೆ’, ಅದೇ ಕಂಪನಿ 1934ರಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ‘ಕುರುಕ್ಷೇತ್ರ’, ಹಿರಣ್ಣಯ್ಯನವರ ‘ಲಂಚಾವತಾರ’ ಪ್ರತಿ ವರ್ಷ ಅಚ್ಚಾಗುತ್ತವೆ. ಆಗಬೇಕಾದ್ದೇ. ಆದರೆ ಹಾಡು ಕಟ್ಟಿಸಿ, ಪರದೆ ಬರೆಸಿ, ತಿಂಗಳುಗಟ್ಟಲೆ ತಾಲೀಮು ನಡೆಸಿ, ಎರಡೋ ಮೂರೋ ಆಟಕ್ಕೆ ನೆಲಕಚ್ಚಿದ ಸಂಗೀತ ನಾಟಕಗಳೂ ಆ ಕಾಲದಲ್ಲಿ ಇದ್ದವು. ಅವುಗಳಿಂದ ಕೈಸುಟ್ಟುಕೊಂಡು ಬಾಗಿಲು ಹಾಕಿದ ಕಂಪನಿಗಳೂ ಇದ್ದವು. ಅವುಗಳ ಹ್ಯಾಂಡ್‌ಬಿಲ್, ಪತ್ರ, ಲೆಕ್ಕದ ಪುಸ್ತಕಗಳು ಈಗ ಹಳೆಯ ಮನೆಗಳ ಅಟ್ಟದಿಂದ ಇಳಿದು ಕಿಲೋ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುತ್ತಿವೆ. ಹೆಸರಾಂತ ನಾಟಕದ ಒಂದು ಪೋಸ್ಟರಿಗೆ ನಾಲ್ಕು ಜನ ಸಂಗ್ರಾಹಕರು ಕೈಚಾಚುತ್ತಾರೆ. ಸೋತ ನಾಟಕದ ಇಡೀ ಗಂಟನ್ನು ಕೇಳುವವರಿಲ್ಲ. ಇಂಥ ಗಂಟು ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಹೇಗೆ ಗುರುತಿಸಬೇಕು, ಹೇಗೆ ಬಿಚ್ಚಬೇಕು, ಏನು ಮಾಡಬಾರದು ಎಂಬುದನ್ನು ಓದುಗರಿಗೆ ತಿಳಿಸಲು ಈ ಪತ್ರ. ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಪ್ರಕಟಿಸಿ.

ಸೋತ ನಾಟಕದ ಕಾಗದವೇ ಏಕೆ ಮುಖ್ಯ? ಗೆದ್ದ ನಾಟಕದ ಹಾಡು ಜನರ ಬಾಯಲ್ಲಿ ಉಳಿಯಿತು, ಗ್ರಾಮಫೋನ್ ತಟ್ಟೆಗೂ ಹತ್ತಿತು. ಬಿದ್ದ ನಾಟಕದ ಹಾಡಿಗೆ ಉಳಿದಿರುವ ನೆಲೆ ಒಂದೇ, ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ. ಒಂದೇ ಹಾಳೆಯನ್ನು ಮಡಚಿ ಕತ್ತರಿಸಿ ಮಾಡಿದ 8 ಅಥವಾ 16 ಪುಟದ ಕಿರುಪುಸ್ತಕ ಅದು. ಪ್ರತಿ ಹಾಡಿನ ತಲೆಯ ಮೇಲೆ ರಾಗ, ತಾಳ ಇರುತ್ತದೆ, ಇಲ್ಲವೇ ‘ಮಟ್ಟು’ ಎಂದು ಬರೆದು ಆಗ ಜನಪ್ರಿಯವಾಗಿದ್ದ ಇನ್ನೊಂದು ಹಾಡಿನ ಮೊದಲ ಸಾಲು ಕೊಟ್ಟಿರುತ್ತದೆ. ಆ ಒಂದು ಸಾಲು ಸಿಕ್ಕರೆ ತಿಳಿದ ಪೇಟಿ (ಹಾರ್ಮೋನಿಯಂ) ಮಾಸ್ತರರು ಹಾಡನ್ನು ಮತ್ತೆ ಕೂಡಿಸಬಲ್ಲರು. ಸಿಗದಿದ್ದರೆ ಪದ ಉಳಿಯುತ್ತದೆ, ಧಾಟಿ ಹೋಗುತ್ತದೆ. ಮಟ್ಟಿನ ಸಾಲುಗಳನ್ನು ನೋಡಿದರೆ ಇನ್ನೊಂದು ಸಂಗತಿಯೂ ತಿಳಿಯುತ್ತದೆ: ಯಾವ ಮರಾಠಿ ನಾಟ್ಯಗೀತೆ, ಯಾವ ಪಾರ್ಸಿ ಕಂಪನಿಯ ಧಾಟಿ ಯಾವ ಊರಿನವರೆಗೆ ಬಂದಿತ್ತು ಎಂಬುದು. ಹಾಗಾಗಿ ಹಾಡಿನ ಪುಸ್ತಕ ಹರಿದಿದೆಯೆಂದು ಎಸೆಯಬೇಡಿ. ಪಿನ್ನು ತುಕ್ಕು ಹಿಡಿದು ಮೊದಲು ಉದುರುವುದು ನಡುವಿನ ಹಾಳೆ. ಅದು ಅದೇ ಗಂಟಿನಲ್ಲಿ ಬೇರೆ ಕಾಗದದ ನಡುವೆ ಸೇರಿಕೊಂಡಿರುವುದೇ ಹೆಚ್ಚು.

ನಾಟಕ ಬಿತ್ತೆಂದು ಯಾವ ಕಂಪನಿಯೂ ಅಚ್ಚು ಹಾಕಿಸುವುದಿಲ್ಲ. ಒಂದು ಮುಕ್ಕಾಮಿನ ಹ್ಯಾಂಡ್‌ಬಿಲ್ಲುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದಾಗ ಮಾತ್ರ ಅದು ಗೊತ್ತಾಗುತ್ತದೆ. ಶನಿವಾರ ದಪ್ಪಕ್ಷರದಲ್ಲಿ ‘ಪ್ರಥಮ ಪ್ರಯೋಗ’, ಭಾನುವಾರ ಅದೇ ನಾಟಕ, ಬುಧವಾರಕ್ಕೆ ಎಲ್ಲರಿಗೂ ಗೊತ್ತಿರುವ ಹಳೆಯ ನಾಟಕ ಮರಳಿದ್ದರೆ ಹೊಸದು ನಡೆಯಲಿಲ್ಲ ಎಂದೇ ಅರ್ಥ. ನೆಲದ ದರ ಇಳಿದಿದೆಯೇ, ಕುರ್ಚಿಯ ದರ ಹಾಗೇ ಇದೆಯೇ ನೋಡಿ. ‘ಜನರ ಅಪೇಕ್ಷೆಯ ಮೇರೆಗೆ’ ಎಂಬ ಸಾಲನ್ನು ನಂಬಬೇಕಿಲ್ಲ, ಬಿದ್ದ ನಾಟಕಕ್ಕೂ ಅದನ್ನು ಹಾಕಿಸುತ್ತಿದ್ದರು. ‘ಕೊನೆಯ ಆಟ’ ಎಂದ ಮೇಲೂ ಅದೇ ಊರಲ್ಲಿ ನಟರ ಹೆಸರಿನಲ್ಲಿ ಬೆನಿಫಿಟ್ ಆಟಗಳು (ವಸೂಲಿ ಆ ನಟರಿಗೇ ಸೇರುವ ಆಟಗಳು) ಸಾಲಾಗಿ ಬಂದಿದ್ದರೆ ಕಂಪನಿಯ ಬಳಿ ಸಂಬಳಕ್ಕೆ, ಮುಂದಿನ ಊರಿನ ರೈಲು ಬಾಡಿಗೆಗೆ ಹಣವಿರಲಿಲ್ಲವೇ ಎಂದು ಕಲೆಕ್ಷನ್ ಪುಸ್ತಕದಲ್ಲಿ ಹುಡುಕಬೇಕು. ಚೇರು, ಬೆಂಚು, ನೆಲ, ಹೆಂಗಸರ ವಿಭಾಗ ಎಂದು ಪ್ರತಿ ರಾತ್ರಿಯ ವಸೂಲಿಯನ್ನು ಬೇರೆ ಬೇರೆ ಬರೆದ ಪುಸ್ತಕ ಅದು. ಎಲ್ಲಕ್ಕಿಂತ ಮೊದಲು ರದ್ದಿಗೆ ಹೋಗುವುದೂ ಅದೇ, ಏಕೆಂದರೆ ಅದರಲ್ಲಿ ನಾಟಕದ ಹೆಸರು ಎದ್ದು ಕಾಣುವುದಿಲ್ಲ, ಬರೀ ಅಂಕಿಗಳು.

ಗಂಟಿನಲ್ಲಿ ಇನ್ನೇನು ಹುಡುಕಬೇಕು? ಮನಿಯಾರ್ಡರಿನ ಕೂಪನ್ನು. ಹಣ ಪಡೆದವರ ಕೈಗೆ ಅಂಚೆಯವರು ಹರಿದು ಕೊಡುತ್ತಿದ್ದ ಆ ತುಂಡು ಕಾಗದದಲ್ಲಿ ಮೊತ್ತ, ಕಳಿಸಿದವರ ಹೆಸರು, ಎರಡು ಸಾಲು ಸಮಾಚಾರ, ಅಂಚೆ ಮೊಹರು ಇರುತ್ತವೆ. ನಟರೊಬ್ಬರು ಮನೆಗೆ ಕಳಿಸಿದ ಕೂಪನ್ನುಗಳನ್ನು ಮೊಹರಿನ ತಾರೀಖಿನಂತೆ ಜೋಡಿಸಿದರೆ ಕಂಪನಿಯ ಇಡೀ ಮುಕ್ಕಾಮುಗಳ ದಾರಿ ಸಿಗುತ್ತದೆ. ಮೊತ್ತ ಇಳಿಯುತ್ತಾ ಹೋಗಿ, ತಿಂಗಳು ತಪ್ಪಿ, ಕೊನೆಗೆ ನಿಂತದ್ದೂ ಕಾಣುತ್ತದೆ. ನಟರಿಗೆ ಕೊಟ್ಟ ಅಡ್ವಾನ್ಸಿನ ಕರಾರು, ಪರದೆ ಮತ್ತು ಡ್ರೆಸ್ ಪೆಟ್ಟಿಗೆಗಳನ್ನು ಒತ್ತೆಯಿಟ್ಟ ಚೀಟಿ, ಥಿಯೇಟರ್ ಕಟ್ಟಿದ ತಗಡು ಗಳುವಿನ ಬಾಡಿಗೆ ಬಾಕಿ, ರೈಲ್ವೆ ರಸೀದಿ, ಆಟಕ್ಕೆ ಪಡೆದ ಲೈಸೆನ್ಸ್, ಪರದೆಯ ಮರೆಯಿಂದ ನಟರಿಗೆ ಮಾತು ನೆನಪಿಸುವ ಪ್ರಾಂಪ್ಟರನ ಕೈಬರಹದ ಪ್ರತಿ, ಒಬ್ಬೊಬ್ಬರ ಪಾರ್ಟನ್ನು ಮಾತ್ರ ಬರೆದ ಹಾಳೆ, ಇವೆಲ್ಲ ಒಂದೇ ಗಂಟಿಗೆ ಸೇರಿದವು. ಪ್ರಾಂಪ್ಟ್ ಪ್ರತಿಯಲ್ಲಿ ಹೊಡೆದು ಹಾಕಿದ ಹಾಡುಗಳನ್ನು ಗಮನಿಸಿ. ಮೊದಲ ರಾತ್ರಿ ಆಟ ಎಳೆಯಿತೆಂದು ಎರಡನೆಯ ರಾತ್ರಿಗೆ ಕತ್ತರಿಸಿದ್ದು ಅಲ್ಲಿ ಬಣ್ಣದ ಪೆನ್ಸಿಲಿನಲ್ಲಿ ಇರುತ್ತದೆ. ನಾಟಕ ಏಕೆ ಬಿತ್ತು ಎಂಬುದಕ್ಕೆ ಅದಕ್ಕಿಂತ ಹತ್ತಿರದ ಸಾಕ್ಷಿ ಸಿಗಲಾರದು.

ಕಂಪನಿಯ ಮ್ಯಾನೇಜರರು ಬಂದ ಪತ್ರಗಳನ್ನು ಕಬ್ಬಿಣದ ಕೊಕ್ಕೆ ತಂತಿಗೆ ಚುಚ್ಚಿ ಗೋಡೆಗೆ ನೇತುಹಾಕುತ್ತಿದ್ದರು. ಅಂಥ ತಂತಿ ಸಿಕ್ಕರೆ ಅದೊಂದು ಭಾಗ್ಯವೆಂದೇ ತಿಳಿಯಬೇಕು, ಏಕೆಂದರೆ ಕೆಳಗಿನದು ಮೊದಲು ಬಂದದ್ದು, ಮೇಲಿನದು ಕೊನೆಯದು. ತಾರೀಖಿಲ್ಲದ ಪತ್ರಕ್ಕೂ ಅದರ ಮೇಲೆ ಕೆಳಗಿನ ಪತ್ರಗಳಿಂದ ಕಾಲ ಗೊತ್ತಾಗುತ್ತದೆ. ಕಾಗದಗಳನ್ನು ಕೊಕ್ಕೆಯ ತುದಿಯಿಂದ ಎಳೆದು ತೆಗೆಯಬಾರದು. ತುಕ್ಕು ತೂತಿನ ಸುತ್ತ ಕಾಗದವನ್ನು ತಿಂದಿರುತ್ತದೆ, ಎಳೆದರೆ ತೂತಿನಿಂದ ಅಂಚಿನವರೆಗೆ ಸೀಳುತ್ತದೆ. ಮೊದಲು ನಾಲ್ಕೂ ಬದಿಯಿಂದ ಫೋಟೊ ತೆಗೆಯಿರಿ. ಇಡೀ ಕಟ್ಟನ್ನು ಮೇಜಿನ ಮೇಲೆ ಮಲಗಿಸಿ, ತಳದ ಬಿಲ್ಲೆಯ ಹತ್ತಿರ ತಂತಿಯನ್ನು ಇಕ್ಕಳದಿಂದ ಕತ್ತರಿಸಿ. ಕತ್ತರಿಸಿದ ತುದಿಯ ಚೂಪನ್ನು ಅರದಿಂದ ಉಜ್ಜಿ ನಯ ಮಾಡಿ, ಕಾಗದಗಳನ್ನು ಒಂದೊಂದಾಗಿ ಆ ತುದಿಯಿಂದ ಜಾರಿಸಿ. ತೆಗೆದ ಕೂಡಲೇ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಕ್ರಮಸಂಖ್ಯೆ ಹಾಕಿ. ಬಾಲ್‌ಪೆನ್ನು, ಸ್ಕೆಚ್ ಪೆನ್ನು, ರಬ್ಬರ್ ಸ್ಟಾಂಪು ಬೇಡವೇ ಬೇಡ.

ವಿಷಯವಾರು ವಿಂಗಡಿಸುವ ಆಸೆ ಎಲ್ಲರಿಗೂ ಬರುತ್ತದೆ, ಪತ್ರ ಒಂದು ಕಡೆ, ಟಿಕೆಟ್ ಒಂದು ಕಡೆ ಎಂದು. ಹಾಗೆ ಮಾಡಿದರೆ ಯಾವ ಟಿಕೆಟ್ ಯಾವ ಪತ್ರದ ಲಕೋಟೆಯೊಳಗೆ ಇತ್ತು ಎಂಬುದು ಶಾಶ್ವತವಾಗಿ ಕಳೆದುಹೋಗುತ್ತದೆ. ಗಂಟು ಇದ್ದ ಹಾಗೇ ಇರಲಿ. ವಿಂಗಡಣೆ ಪಟ್ಟಿಯಲ್ಲಿ ಮಾಡಿದರೆ ಸಾಕು.

ಹ್ಯಾಂಡ್‌ಬಿಲ್ಲಿನಲ್ಲಿ ವಾರ, ತಾರೀಖು ಇರುತ್ತದೆ, ಇಸವಿ ಇರುವುದಿಲ್ಲ. ಕಾಲ ಕಂಡುಹಿಡಿಯಲು ಹಲವು ಗುರುತುಗಳಿವೆ. ಉದಾಹರಣೆಗೆ ‘ಶನಿವಾರ, ಜನವರಿ 14’ ಎಂದಿದೆ ಎನ್ನೋಣ. 1935ರಿಂದ 1980ರ ನಡುವೆ ಆ ತಾರೀಖು ಶನಿವಾರ ಬಿದ್ದದ್ದು 1939, 1950, 1956, 1961, 1967, 1978ರಲ್ಲಿ. ದರ ಆಣೆಯಲ್ಲಿ ಇದ್ದರೆ ಮೊದಲ ಮೂರರಲ್ಲಿ ಒಂದು, ಏಕೆಂದರೆ ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. ‘ನ.ಪೈ.’ ಎಂದಿದ್ದರೆ 1961. ನಯಾ ಪೈಸೆಯ ‘ನಯಾ’ 1964ರ ಜೂನ್‌ನಲ್ಲಿ ಹೋಯಿತು. ಬರೀ ಪೈಸೆ ಇದ್ದರೆ 1967 ಅಥವಾ 1978. ಆಗ ರಾಜ್ಯದ ಹೆಸರು ನೋಡಿ, 1973ರ ನವೆಂಬರ್ 1ರವರೆಗೆ ಅದು ಮೈಸೂರು ರಾಜ್ಯ. ಹಳೆಯ ಅಚ್ಚಿನ ಬ್ಲಾಕನ್ನೇ ಮತ್ತೆ ಬಳಸುವ ಪ್ರೆಸ್ಸುಗಳಿದ್ದವು, ಆದ್ದರಿಂದ ಒಂದೇ ಗುರುತನ್ನು ನೆಚ್ಚಬಾರದು, ಎರಡಾದರೂ ಕೂಡಿಬರಬೇಕು. ಬಾದಾಮಿಯ ಬನಶಂಕರಿ ಜಾತ್ರೆಯ ಹ್ಯಾಂಡ್‌ಬಿಲ್ಲುಗಳಿಗೆ ಇನ್ನೊಂದು ಅನುಕೂಲವಿದೆ. ಜಾತ್ರೆ ನಡೆಯುವ ಬನದ ಹುಣ್ಣಿಮೆ ಯಾವ ತಾರೀಖಿಗೆ ಬಂತೆಂದು ಹಳೆಯ ಪಂಚಾಂಗದಲ್ಲಿ ನೋಡಿದರೆ ವರ್ಷ ಬೇಗ ಸಿಗುತ್ತದೆ.

ಪತ್ರಗಳಿಗೆ ಅಂಚೆ ಮೊಹರು ಇದ್ದೇ ಇದೆ. ಅದು ಮಾಸಿದ್ದರೆ ಇನ್‌ಲ್ಯಾಂಡ್ ಪತ್ರ ನಮ್ಮಲ್ಲಿ 1950ರಲ್ಲಿ ಬಂತು, ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂತು ಎಂಬುದನ್ನು ನೆನಪಿಡಿ. ಕಾರ್ಡಿನ ಮೇಲೆ ರಾಜನ ಚಿತ್ರವಿದ್ದ ಮಾತ್ರಕ್ಕೆ 1947ಕ್ಕಿಂತ ಹಿಂದಿನದು ಎನ್ನಬೇಡಿ, ಮನೆಯಲ್ಲಿ ಉಳಿದ ಕಾರ್ಡುಗಳನ್ನು ಆಮೇಲೂ ಬಳಸಿದ್ದಾರೆ. ‘ಎಂ. ಅಂಡ್ ಎಸ್.ಎಂ. ರೈಲ್ವೆ’ (ಮದ್ರಾಸ್ ಅಂಡ್ ಸದರ್ನ್ ಮರಾಠ ರೈಲ್ವೆ) ಎಂದು ಅಚ್ಚಾದ ರಸೀದಿ ಸಾಮಾನ್ಯವಾಗಿ 1951ರ ಏಪ್ರಿಲ್‌ಗೆ ಮೊದಲಿನದು, ಆಮೇಲೆ ಅದು ದಕ್ಷಿಣ ರೈಲ್ವೆಯಾಯಿತು. ಗದಗ ಜಿಲ್ಲೆ, ದಾವಣಗೆರೆ ಜಿಲ್ಲೆ ಎಂದಿದ್ದರೆ 1997ರ ಈಚಿನದು. ಹ್ಯಾಂಡ್‌ಬಿಲ್ಲಿನ ತಳದ ಸಣ್ಣ ಅಕ್ಷರದ ಸಾಲನ್ನು ಎಂದೂ ಕತ್ತರಿಸಬೇಡಿ. ಮುದ್ರಕರ ಹೆಸರು, ಊರು ಹಾಕಬೇಕೆಂದು 1867ರ ಕಾಯ್ದೆಯೇ ಹೇಳಿತ್ತು. ಕಂಪನಿ ಯಾವ ಊರಲ್ಲಿ ಸಾಲಕ್ಕೆ ಅಚ್ಚು ಹಾಕಿಸುತ್ತಿತ್ತು ಎಂಬುದು ಅಲ್ಲಿಂದಲೇ ತಿಳಿಯುತ್ತದೆ. ಫ್ರೇಮಿನಲ್ಲಿ ಚೆಂದ ಕಾಣಲಿ ಎಂದು ಆ ಸಾಲನ್ನು ಕತ್ತರಿಸಿದ ಹ್ಯಾಂಡ್‌ಬಿಲ್ಲುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ಕಾಪಾಡುವ ಮಾತು. ಗುಲಾಬಿ, ಹಳದಿ, ಹಸಿರು ಬಣ್ಣದ ತೆಳು ಕಾಗದ ಅಗ್ಗದ ಮರದ ತಿರುಳಿನದು. ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶ ಬೆಳಕು, ಗಾಳಿಗೆ ಕಂದಾಗಿ, ಆಮ್ಲ ಹುಟ್ಟಿ, ಹಾಳೆ ಹಪ್ಪಳದಂತೆ ಮುರಿಯುತ್ತದೆ. ಮೊದಲು ಮುರಿಯುವುದು ಮಡಿಕೆಯ ಗೆರೆಯಲ್ಲಿ. ನಾಲ್ಕು ಮಡಿಕೆಯ ಹ್ಯಾಂಡ್‌ಬಿಲ್ಲನ್ನು ಒಣಗಿದ್ದಾಗ ಬಿಡಿಸಲು ಹೋಗಬೇಡಿ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಹಿಂಡಿದ ಒದ್ದೆ ಬಟ್ಟೆ ಹಾಸಿ, ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು, ಜಾಲರಿಯ ಮೇಲೆ ಕಾಗದವಿಟ್ಟು ಮುಚ್ಚಿ. ಬಟ್ಟೆಗೆ ಕಾಗದ ತಾಗಬಾರದು, ಮುಚ್ಚಳದಿಂದ ಹನಿ ಬೀಳಬಾರದು. ಅರ್ಧ ಗಂಟೆಗೊಮ್ಮೆ ನೋಡುತ್ತಿರಿ. ಸಾಮಾನ್ಯವಾಗಿ ಎರಡು ಮೂರು ಗಂಟೆಯಲ್ಲಿ ಮಡಿಕೆ ಮೆತ್ತಗಾಗುತ್ತದೆ. ಬಿಡಿಸಿ, ಎರಡು ಬ್ಲಾಟಿಂಗ್ ಪೇಪರಿನ ನಡುವೆ ಇಟ್ಟು, ಮೇಲೆ ಗಾಜಿನ ಹಲಗೆ, ಅದರ ಮೇಲೆ ನಾಲ್ಕೈದು ದಪ್ಪ ಪುಸ್ತಕ. ಮೊದಲ ಬ್ಲಾಟಿಂಗನ್ನು ಒಂದು ಗಂಟೆಗೆ ಬದಲಿಸಿ, ಮರುದಿನದವರೆಗೆ ಬಿಡಿ. ಡಬ್ಬಿಯಲ್ಲಿ ರಾತ್ರಿಯಿಡೀ ಮರೆತರೆ ಬೂಷ್ಟು ಹಿಡಿಯುತ್ತದೆ. ಬಣ್ಣದ ಕಾಗದ ನೀರು ಸೋಕಿದರೆ ಬಣ್ಣ ಬಿಡುತ್ತದೆ, ಆದ್ದರಿಂದ ಆವಿಯಷ್ಟೇ, ನೀರು ಚಿಮುಕಿಸುವುದು ಬೇಡ.

ಪತ್ರಗಳಿಗೆ ಈ ಉಪಾಯ ಕಣ್ಣುಮುಚ್ಚಿ ಮಾಡಬಾರದು. ಕಂಪನಿಗಳ ರಸೀದಿ, ಚೀಟಿಗಳಲ್ಲಿ ಕಾಪಿಯಿಂಗ್ ಪೆನ್ಸಿಲಿನ ಬರಹ ಬಹಳ. ಒಣಗಿದ್ದಾಗ ಅದು ಸಾದಾ ಪೆನ್ಸಿಲಿನಂತೆ ಬೂದು ಬಣ್ಣ. ಎಲ್ಲಾದರೂ ಬೆವರಿನ ಬೆರಳು ತಾಗಿದ ಕಡೆ ನೇರಳೆ ಚುಕ್ಕೆ ಕಂಡರೆ ಅದೇ ಅದು. ಆವಿ ಕೊಟ್ಟರೆ ಇಡೀ ಬರಹ ನೇರಳೆಯಾಗಿ ಹರಡಿ ಓದಲಾಗದು. ಕಬ್ಬಿಣದ ಅಂಶವಿರುವ ಹಳೆಯ ಮಸಿಯ ಬರಹಕ್ಕೂ ತೇವ ಕೂಡದು. ಕಪ್ಪು ಕಂದು ಬಣ್ಣಕ್ಕೆ ತಿರುಗಿ, ಅಕ್ಷರವಿದ್ದಲ್ಲಿ ಕಾಗದದ ಹಿಂಬದಿಗೂ ಕಲೆ ಬಿದ್ದಿದ್ದರೆ ಅದನ್ನು ಹಾಗೇ ಒಣದಾಗಿ ಇಡಿ.

ಹರಿದದ್ದನ್ನು ಅಂಟಿಸುವ ಉಮೇದು ಬೇಡ. ಸೆಲೋಟೇಪಿನ ಅಂಟು ಕೆಲವು ವರ್ಷಕ್ಕೆ ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಪಟ್ಟಿ ಉದುರಿದರೂ ಕಲೆ ಉಳಿಯುತ್ತದೆ. ಫೆವಿಕಾಲ್ ಒಣಗಿದ ಮೇಲೆ ಬಿಡಿಸಲಾಗದು. ಲ್ಯಾಮಿನೇಶನ್ ಎಲ್ಲಕ್ಕಿಂತ ಕೆಟ್ಟದ್ದು, ಬಿಸಿಯಿಂದ ಪ್ಲಾಸ್ಟಿಕ್ ಕಾಗದದ ನಾರಿಗೇ ಹತ್ತಿಕೊಂಡು ಒಳಗಿನ ಆಮ್ಲ ಒಳಗೇ ಉಳಿಯುತ್ತದೆ. ಹರಿದ ತುಂಡುಗಳನ್ನು ಪಾಲಿಯೆಸ್ಟರ್ ಕವರಿನಲ್ಲಿ ಜೋಡಿಸಿಡಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರು ಅಲ್ಲ. ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಹುಳು ಇದೆ ಎನಿಸಿದರೆ ಕಾಗದಗಳನ್ನು ಗಾಳಿ ತೆಗೆದ ಜಿಪ್ ಕವರಿನಲ್ಲಿ ಹಾಕಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಕವರು ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ಬಜೆ ಬೇರಿನ ಬಟ್ಟೆಗಂಟು ಕಪಾಟಿನಲ್ಲಿ ಇಡುವ ರೂಢಿ ಒಳ್ಳೆಯದೇ, ಕಾಗದಕ್ಕೆ ತಾಗದಿದ್ದರೆ ಆಯಿತು. ಬೇವಿನ ಎಲೆ ಹಸಿಯಾಗಿ ಹಾಕಿದರೆ ಕಲೆ ಬೀಳುತ್ತದೆ. ಹೆಂಚಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಒಲೆ, ಮಳೆಗಾಲದಲ್ಲಿ ತೊಟ್ಟಿ. ಒಳಗೋಣೆಯ ಕಬ್ಬಿಣದ ಬೀರುವನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆದು ಅದರಲ್ಲಿ ಇಡಿ. ಮಲೆನಾಡು, ಕರಾವಳಿಯವರು ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಮತ್ತೆ ಬಿಸಿಮಾಡಿ ಒಣಗಿಸಿಕೊಳ್ಳಬೇಕು. ತೇವಾಂಶ ಶೇ 65 ದಾಟಿದರೆ ಬೂಷ್ಟು ಏಳುತ್ತದೆ. ಗ್ರಾಮಫೋನ್ ತಟ್ಟೆಗಳಿದ್ದರೆ ನೆಟ್ಟಗೆ ನಿಲ್ಲಿಸಿ. ಸ್ಪಿರಿಟ್ ಹಚ್ಚಿ ಒರೆಸಬೇಡಿ, ಅರಗಿನ ತಟ್ಟೆ ಅದರಲ್ಲಿ ಕರಗುತ್ತದೆ.

ಫೋನಿನಲ್ಲಿ ಪ್ರತಿ ತೆಗೆಯುವವರು ಫ್ಲ್ಯಾಶ್ ಆರಿಸಿ, ಎರಡು ಬದಿಯಿಂದ ಓರೆಯಾಗಿ ಬೆಳಕು ಕೊಟ್ಟು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಸ್ಕ್ಯಾನರ್ ಇದ್ದರೆ ಹ್ಯಾಂಡ್‌ಬಿಲ್ಲಿಗೆ 400 ಡಿಪಿಐ, ಫೋಟೊಗಳಿಗೆ 600. ಹಿಂಬದಿಯನ್ನು ಬಿಡಬೇಡಿ. ಮಿಕ್ಕ ಹ್ಯಾಂಡ್‌ಬಿಲ್ಲುಗಳ ಬೆನ್ನಿನ ಮೇಲೆಯೇ ಹಾಲಿನ ಲೆಕ್ಕ, ಅಡುಗೆ ಸಾಮಾನಿನ ಪಟ್ಟಿ, ಹಾಡಿನ ತಿದ್ದುಪಡಿ ಬರೆದಿರುತ್ತಾರೆ.

ಕೊಳ್ಳುವವರಿಗೆ ಒಂದು ಎಚ್ಚರಿಕೆ. ಬೆಂಗಳೂರಿನ ಅವೆನ್ಯೂ ರಸ್ತೆಯಿರಲಿ, ಭಾನುವಾರದ ಸಂತೆಯಿರಲಿ, ಹೊಸದಾಗಿ ಅಚ್ಚಾದ ‘ಹಳೆಯ’ ಹ್ಯಾಂಡ್‌ಬಿಲ್ ಕೈಗೆ ಬರಬಹುದು. ಮೊಳೆ ಜೋಡಿಸಿ ಒತ್ತಿದ ಅಚ್ಚಾದರೆ ಹಿಂಬದಿಯಲ್ಲಿ ಬೆರಳಿಗೆ ಉಬ್ಬು ಸಿಗುತ್ತದೆ. ಹತ್ತು ಪಟ್ಟಿನ ಮಸೂರದಲ್ಲಿ ಅಕ್ಷರದ ಅಂಚಿಗೆ ಮಸಿ ಒತ್ತರಿಸಿ ಗಟ್ಟಿಯಾಗಿ ನಿಂತಿರುತ್ತದೆ. ಪ್ರಿಂಟರಿನದಾದರೆ ಚುಕ್ಕೆಗಳು ಕಾಣುತ್ತವೆ. ಚಹಾ ಬಳಿದು ಹಳದು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ, ನಿಜವಾಗಿ ಹಳೆಯದಾದದ್ದು ಅಂಚಿನಲ್ಲಿ ಹೆಚ್ಚು, ಒಳಗೆ ಕಡಿಮೆ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲಲ್ಲಿ ಹಾಯಿಸಿ. ಕಾಗದಕ್ಕೆ ಬಿಳುಪು ಹೊಳಪಿನ ರಾಸಾಯನಿಕ ಬೆರೆಸತೊಡಗಿದ್ದು 1950ರ ಸುಮಾರಿಗೆ. 1930ರದೆಂದು ಹೇಳುವ ಹ್ಯಾಂಡ್‌ಬಿಲ್ ನೀಲಿಯಾಗಿ ಹೊಳೆದರೆ ಅದು ಮರುಮುದ್ರಣ. ಸೋತ ನಾಟಕಗಳ ನಕಲಿ ಸದ್ಯಕ್ಕೆ ಯಾರೂ ಮಾಡುವುದಿಲ್ಲ, ಗೆದ್ದವುಗಳದೇ ಮಾಡುತ್ತಾರೆ. ಹೊಸದಾಗಿ ಸಂಗ್ರಹ ಆರಂಭಿಸುವವರು ಇದನ್ನೂ ಯೋಚಿಸಬಹುದು.

ಕಾನೂನಿನ ಎರಡು ಮಾತು. 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ದಾಖಲೆ 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಪತ್ರ ನಿಮ್ಮ ಕೈಯಲ್ಲಿದ್ದರೂ ಅದರ ಬರಹದ ಹಕ್ಕು ಬರೆದವರದು, ಅವರ ನಂತರ ವಾರಸುದಾರರದು. ಲೇಖಕರ ಜೀವಮಾನ ಮತ್ತು ಆಮೇಲೆ 60 ವರ್ಷ ಎಂಬುದು ನಮ್ಮ ಕಾಯ್ದೆಯ ಸಾಮಾನ್ಯ ಅವಧಿ. ಕಾಯ್ದೆ ಏನೇ ಇರಲಿ, ಮುಳುಗಿದ ಕಂಪನಿಯ ಪತ್ರಗಳಲ್ಲಿ ಸಾಲ, ಜಗಳ, ಕಾಯಿಲೆ, ಕಲಾವಿದೆಯರ ಸಂಸಾರದ ಕಷ್ಟ ಎಲ್ಲ ಇರುತ್ತವೆ. ಅವರ ಮಕ್ಕಳು ಮೊಮ್ಮಕ್ಕಳು ಅದೇ ಊರುಗಳಲ್ಲಿ ಇದ್ದಾರೆ. ಅಂಥ ಪುಟಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ತಪ್ಪು, ಅದು ಸಂಗ್ರಾಹಕರು ಮಾಡುವ ಕೆಲಸವಲ್ಲ. ಸಂಸ್ಥೆಗೆ ಕೊಡುವಾಗ ಇಂತಿಷ್ಟು ವರ್ಷ ತೆರೆಯಬಾರದೆಂದು ಬರೆದು ಲಕೋಟೆ ಮುಚ್ಚಿ ಕೊಡಬಹುದು.

ಕೊಡುವುದಾದರೆ ರಾಜ್ಯ ಪತ್ರಾಗಾರ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಕರ್ನಾಟಕ ನಾಟಕ ಅಕಾಡೆಮಿ, ದಾವಣಗೆರೆಯ ವೃತ್ತಿ ರಂಗಭೂಮಿ ರಂಗಾಯಣ ಇವುಗಳನ್ನು ಮೊದಲು ಕೇಳಿ. ಒಪ್ಪಿದವರಿಂದ ಎಷ್ಟು ಕಾಗದ, ಯಾವ ಕಂಪನಿಯದು, ಯಾವ ಷರತ್ತು ಎಂದು ಪಟ್ಟಿ ಸಮೇತ ರಸೀದಿ ಪಡೆಯಿರಿ. ಈ ಸಂಸ್ಥೆಗಳಲ್ಲೂ ಒಂದು ವಿನಂತಿ: ಹ್ಯಾಂಡ್‌ಬಿಲ್ ಇರಲಿ, ಲೆಕ್ಕದ ಪುಸ್ತಕ ಬೇಡ ಎಂದು ಆರಿಸಿಕೊಳ್ಳಬೇಡಿ, ಗಂಟನ್ನು ಇಡಿಯಾಗಿ ತೆಗೆದುಕೊಳ್ಳಿ.

ಸಂಪಾದಕರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕಿದೆ. ಇಸವಿಯಿಲ್ಲದ ಹ್ಯಾಂಡ್‌ಬಿಲ್ಲಿಗೆ ಕಟ್ಟಕಡೆಯ ಪ್ರಮಾಣ ಅಂದಿನ ಪತ್ರಿಕೆಯಲ್ಲಿ ಬಂದ ನಾಟಕದ ಜಾಹೀರಾತು. ಊರು, ತಾರೀಖು, ನಾಟಕದ ಹೆಸರು, ಎಷ್ಟನೆಯ ಪ್ರಯೋಗ ಎಂಬುದೆಲ್ಲ ಅಲ್ಲಿದೆ. ನಾಲ್ಕನೆಯ ಪ್ರಯೋಗದ ಜಾಹೀರಾತು ಬಾರದೇ ಹೋದದ್ದೂ ಅಲ್ಲಿಯೇ ಕಾಣುತ್ತದೆ. ಕನ್ನಡ ಪತ್ರಿಕೆಗಳ ಕಚೇರಿಗಳಲ್ಲಿ ಉಳಿದಿರುವ ಹಳೆಯ ಬೈಂಡುಗಳಲ್ಲಿ ಕನಿಷ್ಠ 1930ರಿಂದ 1970ರವರೆಗಿನ ಮನರಂಜನೆ ಜಾಹೀರಾತಿನ ಪುಟಗಳನ್ನಾದರೂ ಸ್ಕ್ಯಾನ್ ಮಾಡಿ, ತಿಂಗಳವಾರು ಹೆಸರಿಟ್ಟು, ನೋಡಲು ಬಿಡಿ. ಬೈಂಡಿನ ಬೆನ್ನು ಬಿಗಿಯಾಗಿದ್ದರೆ ಗಾಜಿನ ಮೇಲೆ ಕವುಚಿ ಒತ್ತಬಾರದು, ಬೆನ್ನು ಮುರಿಯುತ್ತದೆ. 90 ಡಿಗ್ರಿಯಷ್ಟೇ ತೆರೆದು ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಸಿ. ಪುಟ ಗುರುತಿಸುವ, ನಾಟಕದ ಹೆಸರು ಪಟ್ಟಿ ಮಾಡುವ ಕೆಲಸಕ್ಕೆ ನಾವು ಬಂದು ಕೂರಲು ಸಿದ್ಧ.

ಇಂತಿ,
ಹಳೆಯ ನಾಟಕದ ಕಾಗದಪತ್ರ ಸಂಗ್ರಹಿಸುವ ಕೆಲವು ಓದುಗರು
ಗದಗ